ಶಾಲೆಗಾಗಿ ಪ್ರಾರ್ಥಿಸುವ ಸಭೆ: ಪ್ರಾರ್ಥನಾಕೂಟಗಳ ಕುರಿತು ಒಂದು ದೈವಶಾಸ್ತ್ರೀಯ ವಿಮರ್ಶೆ

ಸಭೆಯು ಶಾಲೆಗಾಗಿ ಪ್ರಾರ್ಥಿಸಬೇಕೆಂಬ ವಿಷಯದಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ. ಮಾರ್ಚ್ ತಿಂಗಳು ಸಮೀಪಿಸಿತೆಂದರೆ ನಮ್ಮ ಅನೇಕ ಸಭೆಗಳಲ್ಲಿ ಎಸ್.ಎಸ್.ಎಲ್.ಸಿ. ಹಾಗೂ ಪಿ.ಯು.ಸಿ. ಪರೀಕ್ಷೆಗೆ ಕುಳಿತುಕೊಳ್ಳುವ ಮಕ್ಕಳನ್ನು ಮುಂದೆ ಕರೆದು, ಅವರ ಹಾಲ್ ಟಿಕೆಟ್ಟು, ಲೇಖನಿಗಳ ಸಮೇತ ದೇವರ ಕೈಗೆ ಒಪ್ಪಿಸುತ್ತೇವೆ. ಮಹಿಳಾ ಅನ್ಯೋನ್ಯ ಕೂಟಗಳಲ್ಲಿಯೂ ಮನೆಮನೆಯ ಪ್ರಾರ್ಥನೆಗಳಲ್ಲಿಯೂ ಮಕ್ಕಳ ವಿದ್ಯಾಭ್ಯಾಸವು ತಪ್ಪದೆ ಬರುವ ವಿಜ್ಞಾಪನೆಯಾಗಿದೆ. ಇಷ್ಟು ರೂಢಿಯಲ್ಲಿರುವ ಈ ಪ್ರಾರ್ಥನೆಯು ದೈವಶಾಸ್ತ್ರದ ಪರಿಶೀಲನೆಗೆ ಒಳಪಟ್ಟದ್ದು ಮಾತ್ರ ವಿರಳ. ನಾವು ಶಾಲೆಗಾಗಿ ಪ್ರಾರ್ಥಿಸುವಾಗ ನಿಜವಾಗಿ ಯಾರಿಗಾಗಿ ಪ್ರಾರ್ಥಿಸುತ್ತೇವೆ? ಏನನ್ನು ಬೇಡುತ್ತೇವೆ? ಆಮೆನ್ ಎಂದ ಮೇಲೆ ಆ ಶಾಲೆಗೂ ನಮಗೂ ಯಾವ ಸಂಬಂಧ ಉಳಿಯುತ್ತದೆ?

ವಿಮರ್ಶೆಯೆಂದರೆ ಖಂಡನೆಯಲ್ಲ. ಸಭೆಯ ಪ್ರಾರ್ಥನೆಯು ಸಭೆಯ ನಂಬಿಕೆಯನ್ನು ರೂಪಿಸುತ್ತದೆಂಬ ಪ್ರಾಚೀನ ತಿಳಿವಳಿಕೆಯನ್ನು ಒಪ್ಪುವವರು ಪ್ರಾರ್ಥನೆಯ ಮಾತುಗಳನ್ನು ಪ್ರಸಂಗದ ಮಾತುಗಳಷ್ಟೇ ಎಚ್ಚರದಿಂದ ತೂಗಿ ನೋಡಬೇಕಾಗುತ್ತದೆ. ಈ ಲೇಖನದಲ್ಲಿ ಶಾಲೆಗಳನ್ನು ತಮ್ಮ ಪ್ರಾರ್ಥನೆಯಲ್ಲಿ ಹೊತ್ತುಕೊಂಡ ಮೂರು ಕ್ರೈಸ್ತ ಪ್ರಯತ್ನಗಳನ್ನು ಪರಿಶೀಲಿಸಿ, ಅವುಗಳನ್ನು ಸತ್ಯವೇದದ ಬೆಳಕಿನಲ್ಲಿ ಅಳೆದು, ನಮ್ಮ ಸಭೆಗಳ ರೂಢಿಯತ್ತ ತಿರುಗಲು ಯತ್ನಿಸಲಾಗಿದೆ.

ತಾಯಂದಿರ ಒಂದು ಗಂಟೆ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 1984ರಲ್ಲಿ ಫರ್ನ್ ನಿಕೋಲ್ಸ್ ಎಂಬ ತಾಯಿ, ತನ್ನ ಮಕ್ಕಳು ಪ್ರಾಥಮಿಕ ಹಂತವನ್ನು ದಾಟಿ ಮುಂದಿನ ಶಾಲೆಯನ್ನು ಸೇರಿದಾಗ ಉಂಟಾದ ಕಳವಳದಿಂದ ಇನ್ನೊಬ್ಬ ತಾಯಿಯನ್ನು ಜೊತೆಗೆ ಕರೆದು ಪ್ರಾರ್ಥಿಸತೊಡಗಿದಳು. ಅಂದು ಇಬ್ಬರಿಂದ ಆರಂಭವಾದ ಕೂಟವು ‘ಮಾಮ್ಸ್ ಇನ್ ಟಚ್’ ಎಂಬ ಹೆಸರಿನಿಂದ ಬೆಳೆದು, 2012ರಲ್ಲಿ ‘ಮಾಮ್ಸ್ ಇನ್ ಪ್ರೇಯರ್’ ಎಂಬ ಹೆಸರನ್ನು ಪಡೆದು, ಇಂದು ಅನೇಕ ದೇಶಗಳಲ್ಲಿ ಹರಡಿದೆ. ಇದರ ಕ್ರಮ ಸರಳವಾದದ್ದು. ಇಬ್ಬರು ಅಥವಾ ಹೆಚ್ಚು ಮಂದಿ ತಾಯಂದಿರು ಒಂದು ಶಾಲೆಯನ್ನು ಆರಿಸಿಕೊಂಡು ವಾರಕ್ಕೊಮ್ಮೆ ಒಂದು ಗಂಟೆ ಸೇರುತ್ತಾರೆ. ಸ್ತುತಿ, ಪಾಪನಿವೇದನೆ, ಕೃತಜ್ಞತೆ, ವಿಜ್ಞಾಪನೆ ಎಂಬ ನಾಲ್ಕು ಹಂತಗಳಲ್ಲಿ ಪ್ರಾರ್ಥನೆ ಸಾಗುತ್ತದೆ. ಹೊತ್ತಿಗೆ ಸರಿಯಾಗಿ ಆರಂಭಿಸಿ ಹೊತ್ತಿಗೆ ಸರಿಯಾಗಿ ಮುಗಿಸಬೇಕು; ಕೂಟದಲ್ಲಿ ಕೇಳಿದ್ದು ಕೂಟದ ಹೊರಗೆ ಹೋಗಬಾರದು; ಶಾಲೆಯ ಆಡಳಿತದ ಮೇಲೆ ಒತ್ತಡ ತರುವ ಗುಂಪಾಗಿ ಕೂಟವು ವರ್ತಿಸಬಾರದು.

ಈ ಶಿಸ್ತಿನಲ್ಲಿ ಮೆಚ್ಚಬೇಕಾದದ್ದು ಬಹಳವಿದೆ. ಹರಟೆಯಾಗಿ ಕರಗಿಹೋಗುವ ನಮ್ಮ ಎಷ್ಟೋ ಕೂಟಗಳಿಗೆ ಹೋಲಿಸಿದರೆ, ವಿಜ್ಞಾಪನೆಗೆ ಮೊದಲು ಸ್ತುತಿಯನ್ನೂ ಪಾಪನಿವೇದನೆಯನ್ನೂ ಇಟ್ಟಿರುವ ಕ್ರಮವೇ ಒಂದು ದೈವಶಾಸ್ತ್ರ. ಬೇಡುವವಳು ಮೊದಲು ತನ್ನನ್ನು ದೇವರ ಮುಂದೆ ಇಟ್ಟುಕೊಳ್ಳುತ್ತಾಳೆ. ಗುಟ್ಟನ್ನು ಕಾಯುವ ನಿಯಮವಂತೂ ಸಭಾಪಾಲಕರೆಲ್ಲರೂ ಗಮನಿಸತಕ್ಕದ್ದು. ಮಗುವಿನ ಸೋಲು, ಮನೆಯ ಜಗಳ, ಶಿಕ್ಷಕರ ನಡತೆ ಇವು ‘ಪ್ರಾರ್ಥನಾ ವಿಷಯ’ವೆಂಬ ಹೆಸರಿನಲ್ಲಿ ಊರಿಗೆಲ್ಲ ಹಬ್ಬುವ ಅಪಾಯವನ್ನು ಅರಿಯದ ಸಭೆ ಯಾವುದಿದೆ? ಇದೆಲ್ಲಕ್ಕಿಂತ ಮುಖ್ಯವಾಗಿ, ಯಾರ ಕಣ್ಣಿಗೂ ಬೀಳದೆ ಬಾಗಿಲು ಮುಚ್ಚಿ ಬೇಡುವ ಈ ತಾಯಂದಿರು ಬೆಟ್ಟದ ಪ್ರಸಂಗದ ಬೋಧನೆಗೆ (ಮತ್ತಾ. 6:5-6) ಸಮೀಪದಲ್ಲಿದ್ದಾರೆ.

ಆದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಮೊದಲನೆಯದು ಪ್ರಾರ್ಥನೆಯ ವ್ಯಾಪ್ತಿಯದು. ಕಳವಳದಿಂದ ಹುಟ್ಟಿದ ಪ್ರಾರ್ಥನೆ ಸ್ವಾಭಾವಿಕವಾಗಿ ಸ್ವಂತ ಮಗುವಿನ ಸುತ್ತ ತಿರುಗುತ್ತದೆ. ಶಿಕ್ಷಕರು, ಆಡಳಿತದವರು, ಸಹಪಾಠಿಗಳು ಪ್ರಾರ್ಥನೆಯೊಳಗೆ ಬಂದರೂ, ‘ನನ್ನ ಮಗುವನ್ನು ಸುತ್ತುವರಿದವರು’ ಎಂಬ ನೆಲೆಯಲ್ಲಿಯೇ ಬರುವ ಸಾಧ್ಯತೆ ಹೆಚ್ಚು. ಎರಡನೆಯದು ಮೌನದ ಪ್ರಶ್ನೆ. ಒತ್ತಡ ಹೇರದಿರುವುದು ವಿನಯವೇ ಸರಿ. ಆದರೆ ಶಾಲೆಯಲ್ಲಿ ಅನ್ಯಾಯವೊಂದು ನಡೆಯುತ್ತಿದೆಯೆಂದು ಪ್ರಾರ್ಥನೆಯಲ್ಲಿಯೇ ತಿಳಿದುಬಂದಾಗ ಬಾಯಿ ತೆರೆಯದಿರುವುದು ವಿನಯವಾಗಿ ಉಳಿಯುವುದೋ? ಹಸಿದವನಿಗೆ ಸಮಾಧಾನದ ಮಾತನ್ನಾಡಿ ಬರಿಗೈಯಲ್ಲಿ ಕಳುಹಿಸುವ ನಂಬಿಕೆಯನ್ನು ಕುರಿತು ಯಾಕೋಬನು ಕೇಳಿದ ಪ್ರಶ್ನೆ (ಯಾಕೋಬ 2:15-17) ಇಲ್ಲಿಯೂ ಸಲ್ಲುತ್ತದೆ.

ಧ್ವಜಸ್ತಂಭದ ಸುತ್ತ

ಇದಕ್ಕೆ ತದ್ವಿರುದ್ಧವಾದ ರೂಪವನ್ನು ಅಮೆರಿಕಾದ ಸಂಯುಕ್ತ ಸಂಸ್ಥಾನದಲ್ಲಿ ಕಾಣುತ್ತೇವೆ. ಅದನ್ನು ಅರ್ಥಮಾಡಿಕೊಳ್ಳಲು 1962ಕ್ಕೆ ಹಿಂತಿರುಗಬೇಕು. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿಯು 22 ಪದಗಳ ಚಿಕ್ಕ ಪ್ರಾರ್ಥನೆಯೊಂದನ್ನು ರಚಿಸಿ ಶಾಲೆಗಳಲ್ಲಿ ಹೇಳಿಸಲು ಶಿಫಾರಸು ಮಾಡಿತ್ತು. ಯಾವ ಮತದವರಿಗೂ ನೋವಾಗದಂತೆ ಅದನ್ನು ಹೆಣೆಯಲಾಗಿತ್ತು. ‘ಎಂಗೆಲ್ ವಿರುದ್ಧ ವಿಟಾಲೆ’ ಎಂಬ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಪ್ರಾರ್ಥನೆಯನ್ನು ರಚಿಸಿಕೊಡುವುದು ಸರ್ಕಾರದ ಕೆಲಸವಲ್ಲವೆಂದು ತೀರ್ಪಿತ್ತಿತು. ಮರುವರ್ಷ, 1963ರಲ್ಲಿ, ಶಾಲೆಯೇ ನಡೆಸುವ ಸತ್ಯವೇದ ಪಠನವನ್ನೂ ನ್ಯಾಯಾಲಯವು ತಡೆಯಿತು. ಅನೇಕ ಕ್ರೈಸ್ತರು ಇದನ್ನು ‘ದೇವರನ್ನು ಶಾಲೆಯಿಂದ ಹೊರಗೆ ಹಾಕಿದ ದಿನ’ ಎಂದು ಭಾವಿಸಿದರು. ದೇವರನ್ನು ಹೊರಗೆ ಹಾಕಬಲ್ಲ ನ್ಯಾಯಾಲಯವಿದೆಯೆಂಬ ಆ ಭಾವನೆಯನ್ನೇ ಮೊದಲು ಪರೀಕ್ಷಿಸಬೇಕಾಗಿತ್ತು. ಯಾರಿಗೂ ನೋವಾಗದಂತೆ ರಾಜ್ಯವು ಹೆಣೆದ ಪ್ರಾರ್ಥನೆಯಲ್ಲಿ ಕ್ರಿಸ್ತನ ಹೆಸರಿಗೂ ಸ್ಥಳವಿರಲಿಲ್ಲ. ಅದನ್ನು ಕಳೆದುಕೊಂಡದ್ದರಿಂದ ಸಭೆಗೆ ಆದ ನಷ್ಟವೇನೆಂಬುದು ಸ್ಪಷ್ಟವಿಲ್ಲ.

1990ರಲ್ಲಿ ಟೆಕ್ಸಾಸಿನ ಬರ್ಲ್‌ಸನ್ ಎಂಬ ಊರಿನ ಯುವಜನರಿಂದ ಇನ್ನೊಂದು ಚಳವಳಿ ಮೂಡಿಬಂತು. ವರ್ಷಕ್ಕೊಮ್ಮೆ, ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ, ತರಗತಿಗಳು ಆರಂಭವಾಗುವ ಮೊದಲು ವಿದ್ಯಾರ್ಥಿಗಳು ತಮ್ಮ ಶಾಲೆಯ ಧ್ವಜಸ್ತಂಭದ ಸುತ್ತ ಸೇರಿ ಪ್ರಾರ್ಥಿಸುವ ‘ಸೀ ಯು ಆಟ್ ದ ಪೋಲ್’ ಚಳವಳಿಯದು. ಇದನ್ನು ನಡೆಸುವವರು ವಿದ್ಯಾರ್ಥಿಗಳೇ. ರಾಜ್ಯವೂ ಅಲ್ಲ, ಶಿಕ್ಷಕರೂ ಅಲ್ಲ. ಆ ಕಾರಣದಿಂದಲೇ ಇದು ಕಾನೂನಿಗೆ ಒಪ್ಪಿತವಾದದ್ದು, ಮತ್ತು ಸ್ವಇಚ್ಛೆಯ ಸಾಕ್ಷಿಯೆಂಬ ಗೌರವಕ್ಕೆ ಪಾತ್ರವಾದದ್ದು.

ಆದರೂ ಸ್ಥಳದ ಆಯ್ಕೆ ಯೋಚನೆಗೆ ಹಚ್ಚುತ್ತದೆ. ಧ್ವಜಸ್ತಂಭವು ರಾಷ್ಟ್ರದ ಗುರುತು. ಎಲ್ಲ ಮಕ್ಕಳೂ ಹಾದುಹೋಗುವ ಅಂಗಳದ ನಡುವೆ ಅದು ನಿಂತಿರುತ್ತದೆ. ಅಲ್ಲಿ ಕೈಕೈ ಹಿಡಿದು ವೃತ್ತವಾಗಿ ನಿಲ್ಲುವವರ ಬೆನ್ನು ಸಹಜವಾಗಿಯೇ ಹೊರಗಿನವರ ಕಡೆಗಿರುತ್ತದೆ. ಶಾಲೆಗಾಗಿ ಮಾಡುವ ಪ್ರಾರ್ಥನೆಯು ಶಾಲೆಯ ಮೇಲೆ ಹಕ್ಕು ಸ್ಥಾಪಿಸುವ ಪ್ರಾರ್ಥನೆಯಾಗಿ ಮಾರ್ಪಡುವುದು ಇಂಥ ಸೂಕ್ಷ್ಮ ಗಡಿಯಲ್ಲಿಯೇ. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಎಂಬಲ್ಲಿ ಪಂದ್ಯ ಮುಗಿದ ಕೂಡಲೇ ಮೈದಾನದ ನಡುವೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಫುಟ್‌ಬಾಲ್ ತರಬೇತುದಾರನ ಮೊಕದ್ದಮೆ ಈ ಗಡಿಯನ್ನು ಇನ್ನಷ್ಟು ತೆಳ್ಳಗಾಗಿಸಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ಅವನ ಪರವಾಗಿ ತೀರ್ಪು ಕೊಟ್ಟಿತು. ಕಾನೂನಿನ ದೃಷ್ಟಿಯಿಂದ ಅದು ಅವನ ವೈಯಕ್ತಿಕ ಸ್ವಾತಂತ್ರ್ಯ. ದೈವಶಾಸ್ತ್ರದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ: ತಂಡದಲ್ಲಿ ತನ್ನ ಸ್ಥಾನವನ್ನು ನಿರ್ಧರಿಸುವ ವ್ಯಕ್ತಿ ಮೊಣಕಾಲೂರಿದಾಗ, ಪಕ್ಕದಲ್ಲಿ ನಿಂತ ಹುಡುಗನಿಗೆ ಊರದಿರುವ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಉಳಿದಿರುತ್ತದೆ? ಒಬ್ಬ ಪೋಷಕರು ಇದೇ ಆತಂಕವನ್ನು ಮುಂದಿಟ್ಟಿದ್ದರು. ಬಲಾಢ್ಯನ ಪ್ರಾರ್ಥನೆ ಬಲಹೀನನ ಮನಸ್ಸಾಕ್ಷಿಯನ್ನು ಒತ್ತಬಾರದೆಂಬ ಎಚ್ಚರಿಕೆ ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರಿಕೆಯ ಎಂಟನೆಯ ಅಧ್ಯಾಯವನ್ನು ಓದಿದವರಿಗೆ ಹೊಸದೇನಲ್ಲ.

ಅರೆ ಬಟ್ಸೆನ್ ಮತ್ತು ಮಂಗಳೂರಿನ ಶಾಲೆ

ಮೂರನೆಯ ಉದಾಹರಣೆ ನಮ್ಮ ಮನೆಯದೇ. 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿನ ಬೆನ್ನೆಲುಬಾಗಿದ್ದವರು ಸ್ವಿಟ್ಜರ್ಲೆಂಡ್ ಹಾಗೂ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥೀಯ ಪ್ರಾರ್ಥನಾಕೂಟಗಳವರು. ರೈತರು, ಕಸುಬುದಾರರು, ಮನೆಗೆಲಸದವರು ಸೇರುತ್ತಿದ್ದ ಈ ಕೂಟಗಳಲ್ಲಿ ದೂರದೇಶದ ವರದಿಗಳನ್ನು ಓದಿ, ಅಲ್ಲಿಯ ಜನರಿಗಾಗಿ, ಶಾಲೆಗಳಿಗಾಗಿ ಪ್ರಾರ್ಥಿಸಲಾಗುತ್ತಿತ್ತು. 1841ರಲ್ಲಿ ಬಾಸೆಲಿನ ಸ್ತ್ರೀಯರು ವಿದೇಶಗಳ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆಂದೇ ಒಂದು ಸಂಘವನ್ನು ಕಟ್ಟಿದರು. 1855ರಲ್ಲಿ ಕಾರ್ಲ್ ಸರಾಸಿನ್ ಎಂಬುವರ ಪ್ರೇರಣೆಯಿಂದ ‘ಅರೆ ಬಟ್ಸೆನ್ ಕಾಣಿಕೆ’ ಆರಂಭವಾಯಿತು. ಬಟ್ಸೆನ್ ಎಂಬುದು ಹಳೆಯ ಸ್ವಿಸ್ ನಾಣ್ಯ. ಅದರ ಅರ್ಧವೆಂದರೆ ಕೇವಲ ಐದು ರಾಪೆನ್. ವಾರವಾರವೂ ಅಷ್ಟನ್ನು ಬಡವರಿಂದಲೂ ಸಂಗ್ರಹಿಸುವ ಈ ಕ್ರಮವು ಕ್ರಮೇಣ ಮಿಷನ್ನಿನ ಮುಖ್ಯ ಆದಾಯಗಳಲ್ಲೊಂದಾಯಿತು.

ಮೊದಲ ಎರಡು ಉದಾಹರಣೆಗಳಲ್ಲಿ ಇಲ್ಲದ ಒಂದು ಅಂಶ ಇಲ್ಲಿದೆ. ಇಲ್ಲಿ ಪ್ರಾರ್ಥನೆಗೆ ಬೆಲೆಯಿತ್ತು. ವಾರಕ್ಕೊಮ್ಮೆ ಬೇಡಿದವಳು ವಾರಕ್ಕೊಮ್ಮೆ ತನ್ನ ಚೀಲದಿಂದ ಏನನ್ನಾದರೂ ಕಳೆದುಕೊಳ್ಳುತ್ತಿದ್ದಳು. ಅದೂ ತನ್ನ ಮಗುವಿಗಾಗಿ ಅಲ್ಲ, ತಾನು ಎಂದೂ ಕಾಣದ ಮಗುವಿಗಾಗಿ. 1836ರಿಂದ ಮಂಗಳೂರಿನಲ್ಲಿ ನಡೆದ ಕನ್ನಡ ಶಾಲೆ, 1838ರ ಇಂಗ್ಲಿಷ್ ಶಾಲೆ, ಆಮೇಲೆ ಕರಾವಳಿಯಿಂದ ಧಾರವಾಡದವರೆಗೆ ಹಬ್ಬಿದ ಶಾಲೆಗಳು ಇಂಥ ಜನರ ಪ್ರಾರ್ಥನೆಯ ಮೇಲೂ ಕಾಸಿನ ಮೇಲೂ ನಿಂತವು. ಪ್ರಾರ್ಥನೆಯೂ ಕಾಣಿಕೆಯೂ ಒಂದೇ ಭಕ್ತಿಯ ಎರಡು ಕೈಗಳೆಂಬುದನ್ನು ಅವರು ವಾದಿಸಿ ಸಾಧಿಸಲಿಲ್ಲ, ರೂಢಿಯಿಂದ ತೋರಿಸಿದರು.

ಆದರೆ ಇಲ್ಲಿಯೂ ವಿಮರ್ಶೆ ನಿಲ್ಲುವಂತಿಲ್ಲ. 1844ರ ಜನವರಿಯಲ್ಲಿ ಮಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಕಲಿಯುತ್ತಿದ್ದ ಆನಂದರಾವ್ ಕೌಂಡಿನ್ಯನೂ ಅವನ ಜೊತೆಗೆ ಇನ್ನಿಬ್ಬರು ಬ್ರಾಹ್ಮಣ ಯುವಕರೂ ದೀಕ್ಷಾಸ್ನಾನವನ್ನು ಪಡೆದರು. ಮುಂದೆ ಬಾಸೆಲಿಗೆ ಹೋಗಿ ಅಭ್ಯಾಸಮಾಡಿ, ಅಭಿಷಿಕ್ತನಾಗಿ ಹಿಂದಿರುಗಿದ ಕೌಂಡಿನ್ಯನ ಹೆಸರನ್ನು ನಮ್ಮ ಸಭಾಚರಿತ್ರೆ ಗೌರವದಿಂದ ಸ್ಮರಿಸುತ್ತದೆ. ಅದೇ ದಿನಗಳಲ್ಲಿ ಊರಿನಲ್ಲಿ ಕೋಲಾಹಲವೆದ್ದಿತು; ಪೋಷಕರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು.

ಈ ಘಟನೆಯನ್ನು ಯೂರೋಪಿನ ಪ್ರಾರ್ಥನಾಕೂಟದ ಕಣ್ಣಿನಿಂದ ನೋಡಿದರೆ ಅದು ಪ್ರಾರ್ಥನೆಗೆ ಬಂದ ಉತ್ತರ. ಶಾಲೆಯ ಕಣ್ಣಿನಿಂದ ನೋಡಿದರೆ ಅದು ಬರಿದಾದ ತರಗತಿ. ಒಬ್ಬ ಯುವಕನು ಮನಃಪೂರ್ವಕವಾಗಿ ಕ್ರಿಸ್ತನನ್ನು ಅರಿಕೆಮಾಡಿದ್ದಕ್ಕಾಗಿ ಸಭೆಯು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಆದರೆ ಶಾಲೆ ಬಿಟ್ಟುಹೋದ ಮಕ್ಕಳೂ ಅದೇ ಪ್ರಾರ್ಥನೆಯ ವಿಷಯವಾಗಿದ್ದರಲ್ಲವೇ? ಅವರ ಪಾಲಿಗೆ ಆ ಪ್ರಾರ್ಥನೆಗೆ ಬಂದ ಉತ್ತರವೇನು? ಶಾಲೆಯೆಂಬುದು ದೀಕ್ಷಾಸ್ನಾನಕ್ಕೆ ದಾರಿಯಾಗಿ ಮಾತ್ರ ಅಮೂಲ್ಯವೋ, ಅಥವಾ ಅಕ್ಷರ ಕಲಿಯುವ ಮಗುವಿನ ಒಳಿತು ತಾನೇ ದೇವರ ಮುಂದೆ ಬೇಡಿಕೊಳ್ಳತಕ್ಕ ಒಳಿತೋ? ಬಾಸೆಲಿನ ಕೂಟಗಳಿಗೆ ಈ ಪ್ರಶ್ನೆ ದೂರದ್ದಾಗಿತ್ತು. ಶಾಲೆಯು ಅವರಿಗೆ ವರದಿಯ ಮೂಲಕವಷ್ಟೇ ಪರಿಚಿತವಾಗಿತ್ತು. ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಬಾಳುವ ನಮಗೆ ಅದು ದೂರದ್ದಲ್ಲ.

ಮತ್ತಾಯನ ಇಬ್ಬರು ತಾಯಂದಿರು

ಈ ಉದಾಹರಣೆಗಳನ್ನು ಅಳೆಯಲು ಮಾನದಂಡವೆಲ್ಲಿದೆ? ಮತ್ತಾಯನ ಸುವಾರ್ತೆಯಲ್ಲಿ ಮಕ್ಕಳಿಗಾಗಿ ಯೇಸುವಿನ ಬಳಿಗೆ ಬಂದು ಬೇಡಿಕೊಳ್ಳುವ ಇಬ್ಬರು ತಾಯಂದಿರಿದ್ದಾರೆ. ಅವರನ್ನು ಒಟ್ಟಿಗೆ ಇಟ್ಟು ಓದಿದರೆ ಮಧ್ಯಸ್ಥಿಕೆಯ ಪ್ರಾರ್ಥನೆಯ ಬಗ್ಗೆ ಆಳವಾದ ಪಾಠ ದೊರೆಯುತ್ತದೆ.

ಮೊದಲನೆಯವಳು ತೂರ್ ಸೀದೋನ್ ಪ್ರಾಂತದ ಕಾನಾನ್ಯ ಸ್ತ್ರೀ (ಮತ್ತಾ. 15:21-28). ಅವಳು ಒಡಂಬಡಿಕೆಯ ಹೊರಗಿನವಳು, ಶಿಷ್ಯರಿಗೆ ಕಿರಿಕಿರಿಯಾದವಳು. ಅವಳು ಬೇಡಿದ್ದು ತನ್ನ ಮಗಳ ಬಿಡುಗಡೆಯನ್ನು. ತನಗೆ ಸಿಕ್ಕಬೇಕೆಂದು ಹಂಬಲಿಸಿದ್ದು ರೊಟ್ಟಿಯ ಚೂರನ್ನು ಮಾತ್ರ. ಇಡೀ ಸುವಾರ್ತೆಯಲ್ಲಿ ದೊಡ್ಡ ನಂಬಿಕೆಯವಳೆಂದು ಕರ್ತನಿಂದ ಹೊಗಳಿಸಿಕೊಂಡ ತಾಯಿ ಇವಳೇ. ಪ್ರಾರ್ಥಿಸುವ ತಾಯಂದಿರಿಗೆ ಮಾದರಿಯೆಂದು ಯಾರನ್ನಾದರೂ ನಿಲ್ಲಿಸಬೇಕಾದರೆ, ಸುವಾರ್ತೆಯು ನಿಲ್ಲಿಸುವುದು ಸಭೆಯ ಒಳಗಿನವಳನ್ನಲ್ಲ, ಹೊರಗಿನವಳನ್ನು. ಇದನ್ನು ನೆನಪಿನಲ್ಲಿಟ್ಟ ಕೂಟವು ಶಾಲೆಯ ಬಾಗಿಲಲ್ಲಿ ಕಾದು ನಿಂತ ಇತರ ಧರ್ಮಗಳ ತಾಯಂದಿರನ್ನು ಕೇವಲ ಪ್ರಾರ್ಥನೆಯ ವಿಷಯವನ್ನಾಗಿ ಕಾಣಲಾರದು. ಅವರೂ ಬೇಡುತ್ತಿರುವವರು, ಅವರಿಂದ ಕಲಿಯುವುದೂ ಇದೆ.

ಎರಡನೆಯವಳು ಜೆಬೆದಾಯನ ಮಕ್ಕಳ ತಾಯಿ (ಮತ್ತಾ. 20:20-23). ಅವಳು ಒಳಗಿನವಳು, ಮಕ್ಕಳು ಅಪೊಸ್ತಲರು, ಅಡ್ಡಬಿದ್ದು ವಿನಯದಿಂದಲೇ ಬೇಡಿದಳು. ಬೇಡಿದ್ದು ಮಾತ್ರ ರಾಜ್ಯದಲ್ಲಿ ಬಲಗಡೆ ಎಡಗಡೆಯ ಆಸನಗಳನ್ನು. ಒಂದನೆಯ ಸ್ಥಾನವೂ ಎರಡನೆಯ ಸ್ಥಾನವೂ ತನ್ನ ಮನೆಯವರಿಗೇ ಸಿಕ್ಕಲೆಂಬ ಈ ಬೇಡಿಕೆಯಲ್ಲಿ ನಮ್ಮ ಪರೀಕ್ಷಾ ಪ್ರಾರ್ಥನೆಗಳ ಧ್ವನಿಯನ್ನು ಕೇಳದಿರುವುದು ಕಷ್ಟ. ರ‍್ಯಾಂಕ್ ಎಂಬುದು ಹಂಚಿಕೊಳ್ಳಲಾಗದ ವಸ್ತು. ನನ್ನ ಮಗುವಿಗೆ ಅದು ಸಿಕ್ಕಲೆಂದು ಬೇಡುವುದರಲ್ಲಿ ಇನ್ನೊಂದು ಮಗುವಿಗೆ ಸಿಕ್ಕದಿರಲೆಂಬ ಬೇಡಿಕೆ ಅಡಗಿರುತ್ತದೆ. ಇಂಥ ಪ್ರಾರ್ಥನೆಯನ್ನು ಸಭೆಯು ಒಕ್ಕೊರಲಿನಿಂದ ಮಾಡಬಹುದೋ? ಪಕ್ಕದ ಪೀಠದಲ್ಲಿ ಅದೇ ಪರೀಕ್ಷೆ ಬರೆಯುವ ಇನ್ನೊಂದು ಮಗು ಕುಳಿತಿರುವಾಗ?

ಆದರೂ ಕರ್ತನು ಈ ತಾಯಿಯನ್ನು ಗದರಿಸಿ ಅಟ್ಟಲಿಲ್ಲ. ನೀವು ಬೇಡುವುದೇನೆಂದು ನಿಮಗೆ ತಿಳಿಯದೆಂದು ಹೇಳಿ, ಪಾತ್ರೆಯ ಕಡೆಗೆ ಅವರ ದೃಷ್ಟಿಯನ್ನು ತಿರುಗಿಸಿದನು. ಮತ್ತಾಯನು ಈ ತಾಯಿಯನ್ನು ಮತ್ತೊಮ್ಮೆ ನಮ್ಮ ಮುಂದೆ ತರುತ್ತಾನೆ. ಗೊಲ್ಗೊಥಾದಲ್ಲಿ ದೂರದಿಂದ ನೋಡುತ್ತಿದ್ದ ಸ್ತ್ರೀಯರಲ್ಲಿ ಅವಳೂ ಇದ್ದಳು (27:55-56). ಅಲ್ಲಿ ಕರ್ತನ ಬಲಗಡೆಯಲ್ಲಿಯೂ ಎಡಗಡೆಯಲ್ಲಿಯೂ ಯಾರಿದ್ದರೆಂಬುದನ್ನು ಅದೇ ಅಧ್ಯಾಯ (27:38) ತಿಳಿಸಿದೆ. ತಾನು ಬೇಡಿದ ಸ್ಥಾನಗಳು ಎಂಥವೆಂಬುದನ್ನು ಅವಳು ಕಣ್ಣಾರೆ ಕಂಡಳು, ಕಂಡೂ ಓಡಿಹೋಗಲಿಲ್ಲ. ತಪ್ಪಾಗಿ ಬೇಡಿದವಳನ್ನೂ ಪ್ರಾರ್ಥನೆಯು ಸರಿಯಾದ ಸ್ಥಳಕ್ಕೆ ತಂದು ನಿಲ್ಲಿಸಬಲ್ಲದು. ಆದ್ದರಿಂದ ಪರೀಕ್ಷಾ ಪ್ರಾರ್ಥನೆಯನ್ನು ನಿಲ್ಲಿಸುವುದು ಉತ್ತರವಲ್ಲ. ಬೇಡುವವರನ್ನು ಪಾತ್ರೆಯ ಕಡೆಗೆ ತಿರುಗಿಸುವುದು ಸಭಾಪಾಲಕರ ಕೆಲಸ. ಮಗುವಿನ ಭಯಕ್ಕಾಗಿ, ಪ್ರಾಮಾಣಿಕತೆಗಾಗಿ, ಸೋತರೂ ಮನೆಯವರ ಪ್ರೀತಿ ತಪ್ಪದಿರುವುದಕ್ಕಾಗಿ ಪ್ರಾರ್ಥಿಸಬಹುದು. ಫಲಿತಾಂಶದ ದಿನ ಅನುತ್ತೀರ್ಣನಾದ ಮಗುವಿನ ಮನೆಗೆ ಮೊದಲು ಹೋಗುವ ಸಭೆಯೇ ಮಾರ್ಚ್‌ನಲ್ಲಿ ಮಾಡಿದ ಪ್ರಾರ್ಥನೆಯ ಅರ್ಥವನ್ನು ತಿಳಿದ ಸಭೆ.

ಬಾಬೆಲಿನ ಕ್ಷೇಮ

ಸೆರೆಯಾಗಿ ಹೋದವರಿಗೆ ಯೆರೆಮೀಯನು ಬರೆದ ಪತ್ರ (ಯೆರೆ. 29:4-7) ಶಾಲೆಗಾಗಿ ಪ್ರಾರ್ಥಿಸುವವರಿಗೆ ಎರಡನೆಯ ಆಧಾರ. ಬಾಬೆಲಿನ ಕ್ಷೇಮವನ್ನು ಹುಡುಕಿ ಅದಕ್ಕಾಗಿ ಪ್ರಾರ್ಥಿಸಬೇಕೆಂದು ಪ್ರವಾದಿ ಹೇಳಿದನು. ಅಲ್ಲಿ ಹುಡುಕುವುದೂ ಪ್ರಾರ್ಥಿಸುವುದೂ ಜೊತೆಜೊತೆಯಾಗಿ ಬಂದಿವೆ. ಬಾಬೆಲು ಯೆರೂಸಲೇಮಾಗಲೆಂದು ಬೇಡಲು ಅವನು ಹೇಳಲಿಲ್ಲ. ಬಾಬೆಲು ಬಾಬೆಲಾಗಿದ್ದುಕೊಂಡೇ ಕ್ಷೇಮವಾಗಿರಲೆಂದು ಬೇಡಲು ಹೇಳಿದನು. ಅದೇ ಸೆರೆಯ ಕಾಲದಲ್ಲಿ ದಾನಿಯೇಲನೂ ಅವನ ಗೆಳೆಯರೂ ಕಸ್ದೀಯರ ಭಾಷೆಯನ್ನೂ ಸಾಹಿತ್ಯವನ್ನೂ ಮೂರು ವರ್ಷ ಕಲಿತರು (ದಾನಿ. 1:4-5). ಅನ್ಯರ ಪಾಠಶಾಲೆಯಲ್ಲಿ ಕಲಿತದ್ದರಿಂದ ಅವರ ನಂಬಿಕೆ ಕೆಡಲಿಲ್ಲ. ಅಲ್ಲಿಯ ವಿದ್ಯೆಯಲ್ಲಿ ಅವರಿಗೆ ಜ್ಞಾನವನ್ನು ಕೊಟ್ಟವನು ದೇವರೇ ಎಂದು ಗ್ರಂಥವು ಹೇಳುತ್ತದೆ. ಶಾಲೆಯನ್ನು ಶತ್ರುವಿನ ಕೋಟೆಯಂತೆ ಚಿತ್ರಿಸಿ, ಅದನ್ನು ಸುತ್ತಿ ನಡೆದು ‘ವಶಪಡಿಸಿಕೊಳ್ಳುವ’ ಪ್ರಾರ್ಥನೆಯ ಭಾಷೆ ಯೆರಿಕೋವಿನಿಂದ ಬಂದದ್ದೇ ಹೊರತು ಈ ಪತ್ರದಿಂದಲ್ಲ.

ಕ್ಷೇಮವೆಂದರೆ ಗದ್ದಲವಿಲ್ಲದಿರುವುದು ಎಂದು ಎಣಿಸಬಾರದು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಯಸಿದ ಮಹಾರ್ ಸಮುದಾಯದ ಬಾಲಕನಿಗೆ ಪ್ರವೇಶ ನಿರಾಕರಿಸಲಾಯಿತು. ನ್ಯಾಯವು ಬಾಲಕನ ಪಕ್ಷದಲ್ಲಿದೆಯೆಂದು ಒಪ್ಪಿಕೊಂಡ ಮುಂಬಯಿ ಸರ್ಕಾರವು, ಒಬ್ಬನಿಗಾಗಿ ಇತರರ ಪೂರ್ವಗ್ರಹವನ್ನು ಕೆದಕಿದರೆ ಶಾಲೆಯ ಉಪಯೋಗವೇ ಕೆಡುವುದೆಂದು ಹಿಂಜರಿಯಿತು. ಶಾಲೆ ಸುಗಮವಾಗಿ ನಡೆಯಿತು, ಹುಡುಗನು ಹೊರಗುಳಿದನು. ಅಂದು ‘ಶಾಲೆಯ ಸಮಾಧಾನ’ಕ್ಕಾಗಿ ಯಾವುದಾದರೂ ಕೂಟವು ಪ್ರಾರ್ಥಿಸಿದ್ದರೆ, ಆ ಪ್ರಾರ್ಥನೆ ಯಾರ ಪಕ್ಷದಲ್ಲಿರುತ್ತಿತ್ತು? ಬಾಗಿಲ ಹೊರಗೆ ನಿಂತವನನ್ನು ಹೆಸರಿಸದ ಸಮಾಧಾನವು ಯೆರೆಮೀಯನು ಹೇಳಿದ ಕ್ಷೇಮವಲ್ಲ. ಅದೇ ಪ್ರವಾದಿಯು ಸಮಾಧಾನವಿಲ್ಲದಿರುವಾಗ ಸಮಾಧಾನವೆಂದು ಸಾರುವವರನ್ನು (ಯೆರೆ. 6:14) ಕಠಿಣವಾಗಿ ಖಂಡಿಸಿದ್ದಾನೆ.

ನಮ್ಮ ಸಭೆಗಳಲ್ಲಿ

ಈ ಮಾನದಂಡದಿಂದ ನಮ್ಮ ರೂಢಿಯನ್ನು ನೋಡಿಕೊಂಡರೆ ಮೊದಲು ಕಣ್ಣಿಗೆ ಬೀಳುವುದು ‘ನಮ್ಮ ಶಾಲೆಗಳು’ ಎಂಬ ಮಾತು. ಆರಾಧನೆಯ ವಿಜ್ಞಾಪನೆಗಳಲ್ಲಿ ಅದು ಸಭೆಯ ಆಡಳಿತದಲ್ಲಿರುವ ಶಾಲೆಗಳನ್ನು ಮಾತ್ರ ಸೂಚಿಸುತ್ತದೆ. ಚರ್ಚಿನ ಆವರಣದ ಆಚೆಗಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಅದರ ಅಂಗನವಾಡಿ, ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಶಿಕ್ಷಕಿ, ಬಿಸಿಯೂಟದ ಅಡುಗೆಯವರು, ದುಡಿಮೆಗಾಗಿ ವಲಸೆ ಬಂದು ನಡುವರ್ಷದಲ್ಲಿ ಶಾಲೆ ಬಿಡುವ ಮಕ್ಕಳು ನಮ್ಮ ಪ್ರಾರ್ಥನೆಯಲ್ಲಿ ಎಷ್ಟು ಸಲ ಹೆಸರಾಗಿ ಬಂದಿದ್ದಾರೆ? ನಮ್ಮ ಮಕ್ಕಳು ಅಲ್ಲಿ ಕಲಿಯದಿರುವುದರಿಂದ ಅದು ‘ನಮ್ಮದಲ್ಲ’. ಸ್ವಂತ ಮಗುವಿನ ಗಡಿಯಲ್ಲಿ ನಿಂತುಹೋಗುವ ಪ್ರಾರ್ಥನೆಯ ಕೊರತೆ ಇಲ್ಲಿ ಸಂಸ್ಥೆಯ ರೂಪದಲ್ಲಿ ಮರುಕಳಿಸುತ್ತದೆ.

ನಮ್ಮದೇ ಆದ ಶಾಲೆಗಳ ವಿಷಯದಲ್ಲಿಯೂ ಪ್ರಾರ್ಥನೆಯು ಆತ್ಮಪರೀಕ್ಷೆಯನ್ನು ಒಳಗೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿದೆ. ಸಂವಿಧಾನದ 30ನೆಯ ವಿಧಿಯು ಕೊಟ್ಟ ಹಕ್ಕನ್ನು ಕಾಪಾಡಿಕೊಳ್ಳುವುದು ತಪ್ಪಲ್ಲ. ಆದರೆ ಬಡಮಕ್ಕಳಿಗೆ ಸ್ಥಾನಗಳನ್ನು ಕಾದಿರಿಸುವ ಕಾನೂನಿನ ಕಟ್ಟಳೆ ನಮ್ಮ ಮೇಲಿಲ್ಲವೆಂಬುದು ಸುವಾರ್ತೆಯ ಕಟ್ಟಳೆಯಿಂದಲೂ ನಮ್ಮನ್ನು ಬಿಡಿಸಿತೋ? ಕಾನೂನು ಬಲವಂತಪಡಿಸದ ಜಾಗದಲ್ಲಿ ಸ್ವಇಚ್ಛೆಯಿಂದ ಬಾಗಿಲು ತೆರೆಯುವವನೇ ಕ್ರಿಸ್ತನ ಸ್ವಾತಂತ್ರ್ಯವನ್ನು ಅರಿತವನು. ಶುಲ್ಕ ಕಟ್ಟಲಾಗದ ಮಗುವಿಗಾಗಿ ಸಭೆಯು ಪ್ರಾರ್ಥಿಸುತ್ತಿರುವಾಗ ಅದೇ ಸಭೆಯ ಶಾಲೆಯು ಆ ಮಗುವನ್ನು ಮನೆಗೆ ಕಳುಹಿಸಿದರೆ, ಆ ಪ್ರಾರ್ಥನೆಗೆ ಉತ್ತರ ಕೊಡಬೇಕಾದವರು ಯಾರೆಂಬುದು ಸ್ಪಷ್ಟವಾಗಿದೆ.

ಇಂದಿನ ದಿನಗಳಲ್ಲಿ ಕ್ರೈಸ್ತರು ಶಾಲೆಯ ಹತ್ತಿರ ಬಂದರೆಂದರೆ ಅನುಮಾನದ ಕಣ್ಣುಗಳು ಏಳುತ್ತವೆ. ಆದ್ದರಿಂದ ದೂರವಿದ್ದು ಪ್ರಾರ್ಥಿಸುವುದೇ ಲೇಸೆಂದು ಹಲವರು ಹೇಳುತ್ತಾರೆ. ಈ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಸಂವಿಧಾನದ 28ನೆಯ ವಿಧಿಯು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೋ ಆರಾಧನೆಗೋ ಒಳಪಡಿಸುವಂತಿಲ್ಲ. ಈ ಕಟ್ಟಳೆಯನ್ನು ಅಡ್ಡಿಯೆಂದು ಎಣಿಸದೆ, ಬ್ರೆಮರ್ಟನ್ನಿನ ಹುಡುಗನಂಥವರ ಮನಸ್ಸಾಕ್ಷಿಗೆ ಕೊಟ್ಟ ಗೌರವವೆಂದು ಸ್ವೀಕರಿಸಬೇಕು. ಆದರೆ ದೂರವಿರುವುದು ಒಂದು, ಅಪರಿಚಿತರಾಗಿರುವುದು ಇನ್ನೊಂದು. ಮುಖ್ಯೋಪಾಧ್ಯಾಯರನ್ನು ಕಂಡು ಶಾಲೆಗೆ ಏನು ಬೇಕೆಂದು ಕೇಳುವುದಕ್ಕೂ, ಕೇಳಿದ್ದನ್ನು ಯಾವ ಷರತ್ತೂ ಇಲ್ಲದೆ, ಯಾವ ಕರಪತ್ರವೂ ಇಲ್ಲದೆ ಒದಗಿಸುವುದಕ್ಕೂ ಅಡ್ಡಿಯಿಲ್ಲ. 2001ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅಲ್ಲಿ ಮಕ್ಕಳನ್ನು ಕಲಿಸುತ್ತಿರುವ ನಮ್ಮ ಸಭೆಯ ಬಡ ಪೋಷಕರು ಅವುಗಳಲ್ಲಿ ಭಾಗವಹಿಸಲು ಧೈರ್ಯ ಕೊಡುವುದೂ ಪ್ರಾರ್ಥನಾಕೂಟದ ಕೆಲಸವೇ. ಆ ಪೋಷಕರು ನಮ್ಮ ಕೂಟಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಶಾಲೆಯನ್ನು ಕುರಿತು ಅವರಿಗೆ ತಿಳಿದಿರುವುದು ಮುಂದಿನ ಸಾಲಿನವರಿಗೆ ತಿಳಿದಿರುವುದಕ್ಕಿಂತ ಹೆಚ್ಚು.

ಇನ್ನೊಂದು ಆಕ್ಷೇಪ ಒಳಗಿನಿಂದ ಬರುತ್ತದೆ: ಇಷ್ಟೆಲ್ಲ ಆದರೆ ಸುವಾರ್ತೆಯ ಸಾಕ್ಷಿ ಎಲ್ಲಿ ಉಳಿಯಿತು, ಇದು ಕೇವಲ ಸಮಾಜಸೇವೆಯಾಗಲಿಲ್ಲವೇ? ಅಬ್ರಹಾಮನು ಸೊದೋಮಿಗಾಗಿ ಬೇಡಿಕೊಂಡಾಗ (ಆದಿ. 18:22-33) ತನ್ನ ತಮ್ಮನ ಮಗನಾದ ಲೋಟನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಲೋಟನು ಅಲ್ಲಿದ್ದನು, ಅಬ್ರಹಾಮನ ಹೃದಯದಲ್ಲಿ ಅವನಿದ್ದಿರಲೇಬೇಕು. ಆದರೆ ಅವನು ಬೇಡಿದ್ದು ಇಡೀ ಪಟ್ಟಣಕ್ಕಾಗಿ. ವಾದಿಸಿದ್ದು ಸರ್ವಲೋಕದ ನ್ಯಾಯಾಧಿಪತಿಯ ನೀತಿಯನ್ನು ಹಿಡಿದು. ದೇವರು ಎಂಥವನೆಂಬುದಕ್ಕೆ ಅದಕ್ಕಿಂತ ಮಿಗಿಲಾದ ಸಾಕ್ಷಿ 더 ಬೇಕಿಲ್ಲ. ತನ್ನವರಲ್ಲದವರ ಒಳಿತನ್ನು ದೇವರ ಮುಂದೆ ಹಟದಿಂದ ಬೇಡುವ ಸಭೆಯು ತನ್ನ ದೇವರನ್ನು ಕುರಿತು ಏನನ್ನು ನಂಬುತ್ತದೆಂಬುದನ್ನು ಬೇರೆ ಮಾತಿನಲ್ಲಿ ಹೇಳಬೇಕಾಗಿಲ್ಲ.

ಸಭಾಪಾಲನೆಗೆ ಸಿದ್ಧರಾಗುತ್ತಿರುವವರು ಇದನ್ನು ಸಣ್ಣದಾಗಿಯೇ ಆರಂಭಿಸಬಹುದು. ಶಾಲೆಗಳು ತೆರೆಯುವ ಜೂನ್ ತಿಂಗಳ ಮೊದಲ ಭಾನುವಾರದ ವಿಜ್ಞಾಪನೆಯಲ್ಲಿ ಸಭೆಯ ಸರಹದ್ದಿನಲ್ಲಿರುವ ಪ್ರತಿಯೊಂದು ಶಾಲೆಯನ್ನೂ, ಅದು ಯಾರ ಆಡಳಿತದಲ್ಲಿದ್ದರೂ, ಹೆಸರು ಹಿಡಿದು ಸ್ಮರಿಸಿರಿ. ಹೆಸರು ಹಿಡಿಯಬೇಕಾದರೆ ಮೊದಲು ಹೆಸರನ್ನು ತಿಳಿದುಕೊಳ್ಳಬೇಕಾಗುತ್ತದೆ. ತಿಳಿಯಬೇಕಾದರೆ ಆ ಬೀದಿಯಲ್ಲಿ ನಡೆದುಹೋಗಬೇಕಾಗುತ್ತದೆ. ತಾಯಂದಿರ ಗಂಟೆಯ ಶಿಸ್ತನ್ನೂ ಗುಟ್ಟನ್ನೂ ಉಳಿಸಿಕೊಳ್ಳಿರಿ. ಅದಕ್ಕೆ ಅರೆ ಬಟ್ಸೆನ್ನಿನ ತ್ಯಾಗವನ್ನು ಸೇರಿಸಿರಿ. ಧ್ವಜಸ್ತಂಭದ ಹಂಬಲವನ್ನು ಬಿಟ್ಟುಬಿಡಿರಿ. ಹಾಗೆ ಮಾಡಿದ ಕೂಟಕ್ಕೆ ವರ್ಷದ ಕೊನೆಯಲ್ಲಿ ಎಣಿಸಿ ತೋರಿಸಲು ಹೆಚ್ಚೇನೂ ಇರಲಾರದು. ಆದರೆ ಶಾಲೆ ಬಿಟ್ಟ ಮಗುವೊಂದರ ಹೆಸರು ಅದಕ್ಕೆ ತಿಳಿದಿರುತ್ತದೆ, ಮತ್ತು ಆ ಮಗುವಿನ ಮನೆಯ ದಾರಿಯೂ.